ಕಾನಾದ ಕಲ್ಲುಬಾನಿ, ನಂದಿಯ ಪೀಪಾಯಿ

(ಡಿಸೆಂಬರ್ 27, ಪ್ರೇಷಿತರೂ ಶುಭಸಂದೇಶಕರ್ತರೂ ಆದ ಸಂತ ಯೊವಾನ್ನರ ಹಬ್ಬದಂದು ನೀಡಿದ ಪ್ರಬೋಧನೆ)



ಕ್ರಿಸ್ತ ಜಯಂತಿ ಕಳೆದು ಇನ್ನೂ ಎರಡೇ ದಿನ. ಗೋದಲಿಯ ಮೇಲಿನ ನಕ್ಷತ್ರ ಉರಿಯುತ್ತಲೇ ಇದೆ. ಮನೆಗಳಲ್ಲಿ ಕುಸ್ವಾರಿನ ಡಬ್ಬಿಯ ತಳ ಕಾಣಿಸಲು ಶುರುವಾಗಿದೆ. ನೆವ್ರಿಯನ್ನಂತೂ ಮಕ್ಕಳು ಹಬ್ಬದ ದಿನವೇ ಮುಗಿಸಿರುತ್ತಾರೆ. ಇಂದು ಬಲಿಪೀಠದ ಮೆಟ್ಟಿಲ ಬಳಿ ಒಂದು ಸಣ್ಣ ಮೇಜನ್ನು ಇಟ್ಟಿದ್ದೇವೆ. ಅದರ ಮೇಲೆ ನೀವು ಮನೆಯಿಂದ ತಂದ ದ್ರಾಕ್ಷಾರಸದ ಬಾಟಲಿಗಳಿವೆ. ‘ಇದೇನು ಫಾದರ್ ಹೊಸ ಪದ್ಧತಿ’ ಎಂದು ಕೆಲವರು ಕೇಳಿದಿರಿ. ಇದು ಹೊಸದಲ್ಲ. ಸಂತ ಯೊವಾನ್ನರ ಹಬ್ಬದ ದಿನ ದ್ರಾಕ್ಷಾರಸವನ್ನು ಆಶೀರ್ವದಿಸುವ ವಿಧಿ ಧರ್ಮಸಭೆಯ ಹಳೆಯ ರೋಮನ್ ವಿಧಿಗ್ರಂಥದಲ್ಲಿಯೇ ಇದೆ. ಯುರೋಪಿನ ಜರ್ಮನ್ ಭಾಷೆಯ ಹಳ್ಳಿಗಳಲ್ಲಿ ಈ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ.

ಈ ಪದ್ಧತಿಯ ಹಿಂದೆ ಒಂದು ಕಥೆಯಿದೆ. ಸಂತ ಯೊವಾನ್ನರ ಚಿತ್ರವನ್ನು ನೀವು ನೋಡಿರಬಹುದು. ಅವರ ಕೈಯಲ್ಲಿ ಒಂದು ಪಾನಪಾತ್ರೆ, ಆ ಪಾತ್ರೆಯಿಂದ ತಲೆಯೆತ್ತಿದ ಒಂದು ಸಣ್ಣ ಹಾವು. ಎಫೆಸ ನಗರದಲ್ಲಿ ಅವರಿಗೆ ವಿಷ ಬೆರೆಸಿದ ಪಾತ್ರೆಯನ್ನು ಕೊಡಲಾಯಿತು. ಅವರು ಅದನ್ನು ಆಶೀರ್ವದಿಸಿ ಕುಡಿದರು, ಅವರಿಗೆ ಏನೂ ಆಗಲಿಲ್ಲ ಎಂಬುದು ಪುರಾತನ ಸಂಪ್ರದಾಯ. ಇದು ಪವಿತ್ರ ಗ್ರಂಥದಲ್ಲಿ ಬರುವ ಸಂಗತಿಯಲ್ಲ. ಆದರೂ ಚಿತ್ರಕಾರರು ಆ ಹಾವನ್ನು ಬಿಡಲಿಲ್ಲ. ಒಂದೇ ಪಾತ್ರೆ, ಅದರಲ್ಲಿ ಆನಂದವೂ ಇದೆ, ವಿಷವೂ ಇದೆ. ಇಂದು ನಾವು ಮಾತನಾಡಬೇಕೆಂದಿರುವುದು ಆ ಹಾವಿನ ಬಗ್ಗೆಯೇ.

ಪ್ರತಿ ಡಿಸೆಂಬರಿನಲ್ಲಿಯೂ ನಮಗೆ ಒಂದು ಪ್ರಶ್ನೆ ಬರುತ್ತದೆ. ಗಂಡಸರು ನಗುತ್ತಾ ಕೇಳುತ್ತಾರೆ: ‘ಫಾದರ್, ಯೇಸುಸ್ವಾಮಿಯೇ ನೀರನ್ನು ದ್ರಾಕ್ಷಾರಸ ಮಾಡಿದರಲ್ಲ, ಹಾಗಾದರೆ ಕುಡಿಯುವುದು ಪಾಪವೇ?’ ಹೆಂಗಸರು ಹಾಗೆ ಕೇಳುವುದಿಲ್ಲ. ಮನೆ ಆಶೀರ್ವಾದಕ್ಕೆ ಹೋದಾಗ ಒಬ್ಬ ತಾಯಿ, ಬಾಗಿಲವರೆಗೆ ನಮ್ಮನ್ನು ಕಳುಹಿಸಲು ಬಂದು, ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟೇ: ‘ಹಬ್ಬ ಬಂತು ಅಂದ್ರೆ ನಮಗೆ ಹೆದರಿಕೆ ಫಾದರ್.’ ಹಬ್ಬವೆಂದರೆ ಹೆದರುವ ಮನೆಗಳು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಎಷ್ಟಿವೆ ಎಂಬುದು ನಮಗಿಂತ ನಿಮಗೇ ಹೆಚ್ಚು ಗೊತ್ತು. ಈ ಎರಡು ಮಾತುಗಳನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು, ಕಳೆದ ಫೆಬ್ರವರಿ ತಿಂಗಳ ಕೊನೆಗೆ ನಾವು ಗೆಳೆಯರೊಂದಿಗೆ ಮಾಡಿದ ಒಂದು ಸಣ್ಣ ಪ್ರವಾಸದ ಬಗ್ಗೆ ಹೇಳಲು ಬಯಸುತ್ತೇವೆ.

ನಾವು ಏಳು ಮಂದಿ. ಇಬ್ಬರು ಗುರುಗಳು, ಬೈಂದೂರಿನ ಒಬ್ಬ ನಿವೃತ್ತ ಶಿಕ್ಷಕರು, ಬ್ರಹ್ಮಾವರದಲ್ಲಿ ಅಂಗಡಿ ಇಟ್ಟಿರುವ ಒಬ್ಬರು, ಗಂಗೊಳ್ಳಿ ಬಂದರಿನಲ್ಲಿ ದೋಣಿಯ ವ್ಯವಹಾರ ನಡೆಸುವ ಒಬ್ಬರು, ಮತ್ತಿಬ್ಬರು ಹಳೆಯ ಸ್ನೇಹಿತರು. ಎಲ್ಲರೂ ಕ್ರೈಸ್ತರಲ್ಲ. ರಾತ್ರಿಯ ಪಂಚಗಂಗಾ ರೈಲಿನಲ್ಲಿ ಹೊರಟು ಬೆಳಗ್ಗೆ ಬೆಂಗಳೂರಿಗೆ ತಲುಪಿ, ಅಲ್ಲಿಂದ ವಾಹನ ಮಾಡಿಕೊಂಡು ನಂದಿಬೆಟ್ಟದ ಕಡೆಗೆ ಹೋದೆವು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಸುತ್ತಮುತ್ತ ದ್ರಾಕ್ಷಿ ತೋಟಗಳಿವೆ, ವೈನರಿಗಳಿವೆ. ನಾವು ಹೋದದ್ದು ಅಂಥ ಒಂದು ಸಣ್ಣ ವೈನರಿಗೆ. ಗುರುಗಳು ವೈನರಿಗೆ ಹೋದರೇ ಎಂದು ಹುಬ್ಬೇರಿಸುವವರು ಹುಬ್ಬೇರಿಸಲಿ. ದಿನವೂ ಬಲಿಪೀಠದ ಮೇಲೆ ಏನನ್ನು ಎತ್ತಿ ಹಿಡಿಯುತ್ತೇವೋ ಅದು ಹೇಗೆ ಹುಟ್ಟುತ್ತದೆ ಎಂದು ನೋಡುವ ಆಸೆ ಸೆಮಿನರಿಯ ದಿನಗಳಿಂದಲೂ ನಮಗಿತ್ತು.

ನಮ್ಮ ಕರಾವಳಿಯವರಿಗೆ ಆ ನೆಲವೇ ಒಂದು ಆಶ್ಚರ್ಯ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅಲ್ಲಿ ಬೀಳುವುದು ಅದರ ಐದರಲ್ಲಿ ಒಂದು ಪಾಲು. ನಮ್ಮಲ್ಲಿ ಮನೆಯ ಹಿಂದೆ ದ್ರಾಕ್ಷಿಬಳ್ಳಿ ನೆಟ್ಟವರಿಗೆ ಗೊತ್ತಿದೆ, ಜೂನ್ ಕಳೆಯುವಷ್ಟರಲ್ಲಿ ಎಲೆಗೆ ಬೂಷ್ಟು ಹಿಡಿದು ಮುಗಿಯುತ್ತದೆ. ಅಲ್ಲಿ ಕೆಂಪು ಮಣ್ಣು, ದೂರಕ್ಕೆ ಬೋಳು ಬಂಡೆಯ ಬೆಟ್ಟ, ಕಲ್ಲುಕಂಬಕ್ಕೆ ಬಿಗಿದ ತಂತಿಯ ಮೇಲೆ ಸಾಲುಸಾಲಾಗಿ ಬಳ್ಳಿಗಳು, ಬುಡಕ್ಕೆ ಹನಿಹನಿಯಾಗಿ ನೀರು. ಆ ಪ್ರದೇಶದ ಹಳೆಯ ತಳಿ ‘ಬೆಂಗಳೂರು ಬ್ಲೂ’. ಕಪ್ಪು ನೀಲಿಯ, ದಪ್ಪ ಸಿಪ್ಪೆಯ, ಬೀಜವಿರುವ ಹಣ್ಣು. ಕ್ರಿಸ್ಮಸ್ ವೈನಿಗೆಂದು ನೀವು ಕುಂದಾಪುರದ ಸಂತೆಯಿಂದ ಕಿಲೋಗಟ್ಟಲೆ ಕೊಂಡು ತರುವುದು ಬಹುಮಟ್ಟಿಗೆ ಅದನ್ನೇ. ಫ್ರಾನ್ಸ್ ದೇಶದ ತಳಿಗಳನ್ನು ಆ ಬೆಟ್ಟದ ಬುಡದಲ್ಲಿ ಬೆಳೆಸಲು ಮೊದಲು ಧೈರ್ಯ ಮಾಡಿದವರಲ್ಲಿ ಕನ್ವಲ್ ಗ್ರೋವರ್ ಅವರ ಹೆಸರು ಪ್ರಸಿದ್ಧ. ಅವರ ಕಂಪನಿ ದೊಡ್ಡಬಳ್ಳಾಪುರದ ಬಳಿ ಕೆಲಸ ಆರಂಭಿಸಿದ್ದು 1988ರಲ್ಲಿ. ಸಣ್ಣ ವೈನರಿಗಳು ಹೆಚ್ಚಾಗಿ ಹುಟ್ಟಿಕೊಂಡದ್ದು 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಾರಸ ನೀತಿಯನ್ನು ತಂದು, ವೈನ್ ಬೋರ್ಡನ್ನು ಸ್ಥಾಪಿಸಿದ ನಂತರ. ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು ಎಂಬುದನ್ನು ನೆನಪಿಸಿಕೊಳ್ಳಿ. ಒಂದೇ ವರ್ಷದಲ್ಲಿ ಬಡವನ ಪ್ಯಾಕೆಟ್ಟಿಗೆ ಬಾಗಿಲು ಮುಚ್ಚಿತು, ರೈತನ ದ್ರಾಕ್ಷಿಗೆ ಮತ್ತೊಂದು ಬಾಗಿಲು ತೆರೆಯಿತು. ಸಾರಾಯಿ ಅಂಗಡಿ ಹೋದುದಕ್ಕೆ ನಮ್ಮ ಊರುಗಳ ಎಷ್ಟೋ ತಾಯಂದಿರು ದೇವರಿಗೆ ಸ್ತೋತ್ರ ಹೇಳಿದರು. ಅದರಿಂದ ಕುಡಿತ ಹೋಯಿತೇ ಎಂದು ಕೇಳಿದರೆ, ಬೆಲೆ ಹೆಚ್ಚಾಯಿತು ಎಂದಷ್ಟೇ ಹೇಳಬಹುದು.

ತೋಟದಲ್ಲಿ ನಮ್ಮನ್ನು ನಡೆಸಿಕೊಂಡು ಹೋದ ಯುವತಿ ಅಲ್ಲಿಯ ತಯಾರಿಕೆಯ ಉಸ್ತುವಾರಿ ನೋಡಿಕೊಳ್ಳುವವಳು. ಬಳ್ಳಿ ಕತ್ತರಿಸುವ ವಿಚಾರವನ್ನು ಅವಳು ಬಹಳ ಚೆನ್ನಾಗಿ ವಿವರಿಸಿದಳು. ಯೊವಾನ್ನನ ಶುಭಸಂದೇಶದ 15ನೇ ಅಧ್ಯಾಯವನ್ನು ನಾವು ಎಷ್ಟು ಸಲ ಓದಿದ್ದೇವೆ, ಎಷ್ಟು ಸಲ ಬೋಧಿಸಿದ್ದೇವೆ! ಆದರೆ ಕತ್ತರಿ ಹಿಡಿದವರಿಂದ ಕೇಳುವುದೇ ಬೇರೆ. ಯೇಸುಸ್ವಾಮಿಯ ನಾಡಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ; ಆಗ ವರ್ಷಕ್ಕೊಮ್ಮೆ ಕತ್ತರಿಸುತ್ತಾರೆ. ನಮ್ಮ ನಾಡಿನಲ್ಲಿ ಅಂಥ ಚಳಿ ಇಲ್ಲ, ಬಳ್ಳಿಗೆ ನಿದ್ದೆಯೇ ಇಲ್ಲ. ಬಿಟ್ಟರೆ ಬರೀ ಎಲೆ, ಬರೀ ಹಬ್ಬುವುದು. ಅದಕ್ಕೆ ಇಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ: ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆ ಸರಿಯುವಾಗ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೊಮ್ಮೆ. ಎರಡನೆಯ ಸಲ ಕತ್ತರಿಸಿದ ಮೇಲೆಯೇ ಹೂವು, ಕಾಯಿ. ನಮ್ಮ ಜೊತೆಯ ಇನ್ನೊಬ್ಬ ಗುರುಗಳು ಮೆಲ್ಲಗೆ ನಮ್ಮ ಕಿವಿಯಲ್ಲಿ ಹೇಳಿದರು: ‘ನಮ್ಮವರು ಕೂಡ ಪಾಪನಿವೇದನೆಗೆ ಬರುವುದು ವರ್ಷಕ್ಕೆರಡೇ ಸಲ, ಪಾಸ್ಖಕ್ಕೊಮ್ಮೆ, ಕ್ರಿಸ್ಮಸ್ಸಿಗೊಮ್ಮೆ!’

ಅದು ಕೊಯ್ಲಿನ ಸಮಯ. ಬಿಸಿಲೇರಿದರೆ ಹಣ್ಣಿನ ಸುವಾಸನೆ ಕೆಡುತ್ತದೆ ಎಂದು ಬೆಳಕು ಹರಿಯುವ ಮೊದಲೇ ಕೊಯ್ಲು ಶುರು ಮಾಡುತ್ತಾರಂತೆ. ನಾವು ತಲುಪಿದಾಗ ಕೊನೆಯ ಸಾಲು ನಡೆಯುತ್ತಿತ್ತು. ಹತ್ತಿರದ ಹಳ್ಳಿಗಳ ಹೆಂಗಸರು, ತಲೆಗೆ ಬಟ್ಟೆ ಸುತ್ತಿ, ಕೈಯಲ್ಲಿ ಸಣ್ಣ ಕತ್ತರಿ ಹಿಡಿದು, ಗೊಂಚಲನ್ನು ಒಂದೊಂದಾಗಿ ಕತ್ತರಿಸಿ ಪ್ಲಾಸ್ಟಿಕ್ ಕ್ರೇಟಿಗೆ ಇಡುತ್ತಿದ್ದರು. ಎಸೆಯುವುದಿಲ್ಲ, ಇಡುತ್ತಾರೆ. ಹಣ್ಣು ಒಡೆದರೆ ಅಲ್ಲಿಯೇ ಹುಳಿಯಲು ಆರಂಭಿಸುತ್ತದೆ. ನಮ್ಮ ಬೈಂದೂರಿನ ಮೇಷ್ಟ್ರು ಒಬ್ಬ ಹೆಂಗಸನ್ನು ಮಾತನಾಡಿಸಿದರು: ‘ಅಮ್ಮಾ, ನೀವು ಕೊಯ್ದ ಹಣ್ಣಿನ ವೈನು ಯಾವತ್ತಾದರೂ ರುಚಿ ನೋಡಿದ್ದೀರಾ?’ ಆಕೆ ಕತ್ತರಿ ನಿಲ್ಲಿಸದೆ ನಕ್ಕಳು. ‘ನಮಗ್ಯಾಕೆ ಸ್ವಾಮಿ? ಕುಡಿಯೋರು ಮನೇಲಿ ಒಬ್ರಿದ್ದಾರಲ್ಲ, ಸಾಕು.’ ಉಳಿದ ಹೆಂಗಸರೂ ನಕ್ಕರು. ನಾವೂ ನಕ್ಕೆವು, ಆದರೆ ಮುಂದಿನ ಸಾಲಿಗೆ ಹೋಗುವವರೆಗೆ ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ಅಷ್ಟು ದೂರ ಹೋದರೂ ಅದೇ ಮಾತು!

ಒಳಗೆ ಹೋದಾಗ ಮೊದಲು ಮೂಗಿಗೆ ಬಡಿದದ್ದು ಡಿಸೆಂಬರ್ ತಿಂಗಳ ನಮ್ಮ ಅಡುಗೆಮನೆಯ ವಾಸನೆ. ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಯೀಸ್ಟು, ನಾಲ್ಕು ಲವಂಗ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕಲಕುವಾಗ ಬರುತ್ತದಲ್ಲ, ಅದೇ. ಅಲ್ಲಿ ಭರಣಿಯ ಜಾಗದಲ್ಲಿ ಆಳೆತ್ತರದ ಸ್ಟೀಲ್ ತೊಟ್ಟಿಗಳು. ಯಂತ್ರ ತೊಟ್ಟನ್ನು ಬಿಡಿಸಿ ಹಣ್ಣನ್ನು ಒಡೆಯುತ್ತದೆ. ಬಿಳಿ ವೈನಿಗಾದರೆ ಕೂಡಲೇ ಹಿಂಡಿ ರಸವನ್ನು ಬೇರೆ ಮಾಡುತ್ತಾರೆ. ಕೆಂಪಿಗಾದರೆ ಸಿಪ್ಪೆಯ ಜೊತೆಯಲ್ಲಿಯೇ ಹುದುಗಲು ಬಿಡುತ್ತಾರೆ, ಏಕೆಂದರೆ ಬಣ್ಣವಿರುವುದು ಸಿಪ್ಪೆಯಲ್ಲಿ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. (ಹುದುಗು ನಿಲ್ಲುವ ಮೊದಲೇ ಬಾಟಲಿಗೆ ಬಿರಡೆ ಬಿಗಿದು, ನಡುರಾತ್ರಿ ಅಡುಗೆಮನೆಯಲ್ಲಿ ಪಟಾಕಿ ಕೇಳಿದ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿಯೂ ಇವೆ. ಹೆಸರು ಹೇಳುವುದಿಲ್ಲ.) ಮನೆಯ ವೈನಿಗೂ ಅಲ್ಲಿಯದಕ್ಕೂ ದೊಡ್ಡ ವ್ಯತ್ಯಾಸ ಸಕ್ಕರೆಯದು. ನಾವು ಸೇರಿಗೆ ಸೇರು ಸಕ್ಕರೆ ಸುರಿಯುತ್ತೇವೆ; ಅವರು ಹಣ್ಣಿನಲ್ಲಿಯೇ ಸಾಕಷ್ಟು ಸಿಹಿ ಬರುವವರೆಗೆ ಕಾಯುತ್ತಾರೆ. ಕಾಯುವುದೇ ಅವರ ಮುಖ್ಯ ಕೆಲಸ ಎಂದು ನಮಗನ್ನಿಸಿತು.

ನೆಲಮಾಳಿಗೆಯಲ್ಲಿ ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿದ್ದವು. ಒಂದೊಂದರಲ್ಲಿ 225 ಲೀಟರ್. ನಮಗೆ ಕೂಡಲೇ ಕಾನಾ ಊರಿನ ಮದುವೆ ನೆನಪಾಯಿತು (ಯೊವಾನ್ನ 2:1-11). ಆರು ಕಲ್ಲುಬಾನಿಗಳು, ಒಂದೊಂದರಲ್ಲಿ ಎರಡು ಮೂರು ಅಳತೆ ಎಂದು ಯೊವಾನ್ನರು ಬರೆಯುತ್ತಾರೆ. ಆ ಕಾಲದ ಒಂದು ಅಳತೆ ಎಂದರೆ ಸುಮಾರು 39 ಲೀಟರ್. ಅಲ್ಲಿಯೇ ನಿಂತು ಲೆಕ್ಕ ಹಾಕಿದೆವು: ಒಟ್ಟು ಸುಮಾರು 470ರಿಂದ 700 ಲೀಟರ್. ಅಂದರೆ ಎರಡರಿಂದ ಮೂರು ಪೀಪಾಯಿ ತುಂಬ. ಇಂದಿನ ಬಾಟಲಿಯಲ್ಲಿ ತುಂಬಿದರೆ 600ಕ್ಕಿಂತ ಹೆಚ್ಚು! ಒಂದು ಹಳ್ಳಿಯ ಮದುವೆಗೆ ಅಷ್ಟೊಂದೇ? ‘ಕುಡಿಯುವುದು ಪಾಪವೇ’ ಎಂದು ನಗುತ್ತಾ ಕೇಳುವವರಿಗೆ ಈ ಲೆಕ್ಕ ಬಹಳ ಇಷ್ಟವಾಗುತ್ತದೆ ಎಂಬುದು ನಮಗೆ ಗೊತ್ತು. ಸ್ವಲ್ಪ ತಾಳಿ.

ಆಮೇಲೆ ನಮ್ಮನ್ನು ರುಚಿ ನೋಡುವ ಮೇಜಿಗೆ ಕರೆದರು. ಉದ್ದದ ಮೇಜು, ಬಿಳಿ ಬಟ್ಟೆ, ಪ್ರತಿಯೊಬ್ಬರಿಗೂ ಉದ್ದ ಕಾಲಿನ ಗಾಜಿನ ಲೋಟ, ನಡುವೆ ಬ್ರೆಡ್ಡಿನ ತುಂಡುಗಳು, ನೀರು, ಮತ್ತೊಂದು ಖಾಲಿ ಪಾತ್ರೆ. ಆ ಯುವತಿ ಕ್ರಮ ಹೇಳಿಕೊಟ್ಟಳು. ಮೊದಲು ಬಿಳಿ, ನಂತರ ಕೆಂಪು. ಲೋಟದ ಕಾಲನ್ನು ಹಿಡಿಯಬೇಕು, ಹೊಟ್ಟೆಯನ್ನು ಹಿಡಿದರೆ ಕೈಯ ಬಿಸಿ ತಾಗುತ್ತದೆ. ಬಣ್ಣ ನೋಡಬೇಕು, ಮೆಲ್ಲಗೆ ತಿರುಗಿಸಿ ಮೂಸಬೇಕು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನಾಲಿಗೆಯ ಎಲ್ಲಾ ಕಡೆಗೂ ಹರಿಯಲು ಬಿಡಬೇಕು. ಸುರಿದದ್ದು ಎರಡು ಮೂರು ಚಮಚೆಯಷ್ಟೇ. ‘ನುಂಗಲೇಬೇಕೆಂದಿಲ್ಲ, ಈ ಪಾತ್ರೆಗೆ ಉಗುಳಬಹುದು. ದಿನವಿಡೀ ರುಚಿ ನೋಡುವವರು ಉಗುಳಿಯೇ ಬಿಡುತ್ತಾರೆ’ ಎಂದಳು. ಗಂಗೊಳ್ಳಿಯ ನಮ್ಮ ಗೆಳೆಯರಿಗೆ ತಡೆಯಲಾಗಲಿಲ್ಲ. ‘ಹ್ವಾಯ್, ಇಷ್ಟ್ ದೂರ ಬಂದದ್ ತುಪ್ಪುಕಾ?’ ಎಂದುಬಿಟ್ಟರು. ಎಲ್ಲರೂ ಜೋರಾಗಿ ನಕ್ಕೆವು. ಮೊದಲ ಬಿಳಿ ವೈನು ಬಾಯಿಗಿಟ್ಟ ಕೂಡಲೇ ಅವರದೇ ಎರಡನೆಯ ತೀರ್ಪು: ‘ಹುಳಿ. ಸಕ್ಕರೆ ಹಾಕುಕೆ ಮರ್ತಿದ್ರಾ ಕಾಂತ್.’ ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ, ಪೇರಳೆ ಹಣ್ಣಿನ ಪರಿಮಳ ಬರುತ್ತಿದೆ ಎಂದರು. ಕೆಂಪು ಶಿರಾಜಿನಲ್ಲಿ ಕಾಳುಮೆಣಸು ಸಿಕ್ಕಿತು ಎಂದರು. ನಮಗೂ ಸಿಕ್ಕಿತು, ಅವರು ಹೇಳಿದ ಮೇಲೆ.

ಒಂದು ಮಾತನ್ನು ಒಪ್ಪಲೇಬೇಕು. ನಮ್ಮ ಕಡೆ ಕುಡಿಯುವುದೆಂದರೆ ಮರೆಯಲ್ಲಿ, ಕತ್ತಲಲ್ಲಿ, ಬೇಗ ಬೇಗ. ಇಲ್ಲಿ ಏಳು ಮಂದಿ ಒಂದು ಗಂಟೆಯ ಕಾಲ ಕುಳಿತು, ಒಬ್ಬ ಮನುಷ್ಯನ ಮುಷ್ಟಿಯಷ್ಟು ದ್ರಾಕ್ಷಾರಸದ ಬಗ್ಗೆ ಮಾತನಾಡುತ್ತಿದ್ದೇವೆ. ರೈತನ ಬಗ್ಗೆ, ಮಣ್ಣಿನ ಬಗ್ಗೆ, ಆ ವರ್ಷದ ಮಳೆಯ ಬಗ್ಗೆ. ಮನುಷ್ಯನ ಹೃದಯಕ್ಕೆ ಉಲ್ಲಾಸ ತರಲು ದೇವರು ಇದನ್ನು ಕೊಟ್ಟಿದ್ದಾರೆಂದು ಕೀರ್ತನೆಗಾರ ಹಾಡುವುದು (ಕೀರ್ತನೆ 104) ಇದನ್ನೇ ಇರಬಹುದು. ಮಿತವಾಗಿ ಕುಡಿದರೆ ಜೀವ, ಮಿತಿ ಮೀರಿದರೆ ಕಹಿ ಎಂಬ ಅರ್ಥದ ಬುದ್ಧಿಮಾತನ್ನು ಸಿರಾಖನು ತನ್ನ 31ನೇ ಅಧ್ಯಾಯದಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ಧರ್ಮಸಭೆ ದ್ರಾಕ್ಷಾರಸವನ್ನು ಯಾವತ್ತೂ ಅಶುದ್ಧವೆಂದು ಹೇಳಿಲ್ಲ. ಹೇಳಿದ್ದರೆ ಬಲಿಪೀಠಕ್ಕೆ ತರುತ್ತಿರಲಿಲ್ಲ.

ಆದರೆ ಆ ಮೇಜಿನಲ್ಲಿ ನಡೆದ ಇನ್ನೊಂದು ಸಂಗತಿಗಾಗಿಯೇ ನಾವು ಇಷ್ಟೆಲ್ಲಾ ಹೇಳುತ್ತಾ ಬಂದದ್ದು. ಯುವತಿ ಬಾಟಲಿ ಹಿಡಿದು ಒಬ್ಬೊಬ್ಬರ ಲೋಟಕ್ಕೆ ಸುರಿಯುತ್ತಾ ಬರುವಾಗ, ನಮ್ಮ ಗೆಳೆಯರಲ್ಲೊಬ್ಬರು ತಮ್ಮ ಲೋಟದ ಬಾಯಿಗೆ ಅಂಗೈ ಇಟ್ಟರು. ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದವರು, ಕೆಟ್ಟ ಮನಸ್ಸಿನಿಂದೇನಲ್ಲ, ‘ಒಂದ್ ಹನಿ ಕುಡದ್ರ್ ಎಂತ ಆತ್ತ್ ಮಾರಾಯ್ರೆ?’ ಎಂದರು. ಮೇಜಿನಲ್ಲಿ ಒಂದು ಕ್ಷಣ ಮೌನ. ಆ ಯುವತಿ ಏಕೆಂದು ಕೇಳಲಿಲ್ಲ. ಒತ್ತಾಯಿಸಲಿಲ್ಲ, ಅಯ್ಯೋ ಪಾಪ ಎಂಬಂತೆ ನೋಡಲೂ ಇಲ್ಲ. ಒಳಗೆ ಹೋಗಿ, ಆ ಬೆಳಗ್ಗೆ ಹಿಂಡಿದ, ಇನ್ನೂ ಹುದುಗದ ತಾಜಾ ರಸವನ್ನು ಒಂದು ಜಗ್ಗಿನಲ್ಲಿ ತಂದು, ಅದೇ ಉದ್ದ ಕಾಲಿನ ಲೋಟಕ್ಕೆ ಸುರಿದಳು. ‘ಇದು ಅದೇ ತೋಟದ್ದು, ಸಾರ್. ನೀವು ಕುಡಿದು ಹೇಗಿದೆ ಹೇಳಿ, ನಮಗೆ ಬೇಕು’ ಎಂದಳು. ಅವರು ಬಣ್ಣ ನೋಡಿದರು, ಮೂಸಿದರು, ಬಾಯಿಗಿಟ್ಟರು. ಜೇನಿನಂತಿದೆ, ಕೊನೆಗೆ ಸ್ವಲ್ಪ ನಿಂಬೆಯ ಹುಳಿ ಇದೆ ಎಂದರು. ಅವಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು! ಆ ಮೇಲೆ ನಾವೆಲ್ಲರೂ ಆ ರಸವನ್ನು ಕೇಳಿ ಪಡೆದೆವು.

ರಾತ್ರಿ ರೈಲಿನಲ್ಲಿ, ಉಳಿದವರು ಮಲಗಿದ ಮೇಲೆ, ಅವರು ನಮ್ಮ ಬಳಿ ಮಾತನಾಡಿದರು. ಹೆಸರು, ಊರು ಹೇಳದೆ ನಿಮಗೆ ತಿಳಿಸಲು ಅವರ ಒಪ್ಪಿಗೆಯಿದೆ. ಅವರು ಕುಡಿತ ಬಿಟ್ಟು ಹನ್ನೊಂದು ವರ್ಷ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರವೊಂದಕ್ಕೆ ಹೆಂಡತಿ ಕೈಹಿಡಿದು ಕರೆದೊಯ್ದಿದ್ದರು. ಬಿಡುವುದು ಕಷ್ಟವಾಗಲಿಲ್ಲವೇ ಎಂದು ಕೇಳಿದೆವು. ‘ಬಿಟ್ಟದ್ದು ಶಿಬಿರದಲ್ಲಿ ಫಾದರ್. ಕಷ್ಟವಾದದ್ದು ನಮ್ಮ ಮದುವೆ ಮನೆಗಳಲ್ಲಿ’ ಎಂದರು. ರೋಸಿನ ರಾತ್ರಿ ಲೋಟ ತಂದು ಕೈಗಿಡುವವರು. ಮದುವೆಯ ದಿನ ಟೋಸ್ಟ್ ಎತ್ತುವಾಗ ‘ಇವತ್ತೊಂದಿನ’ ಎನ್ನುವವರು. ಕುಡಿಯದಿದ್ದರೆ ಸಿಟ್ಟಿರಬೇಕು ಎಂದು ತಿಳಿಯುವ ಷಡ್ಡಕ. ಕೊನೆಗೆ ಅವರು ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದರು. ಸ್ವಂತ ತಂಗಿಯ ಮಗಳ ಮದುವೆಗೆ, ಸೋದರಮಾವನಾಗಿ ಟೋಸ್ಟ್ ಎತ್ತಬೇಕಾದವರು, ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದರು. ‘ಜ್ವರ ಅಂದರೆ ಎಲ್ಲರೂ ನಂಬಿದರು. ಕುಡಿಯುವುದಿಲ್ಲ ಅಂದರೆ ಯಾರೂ ನಂಬುತ್ತಿರಲಿಲ್ಲ.’ ಆ ವೈನರಿಯ ಮೇಜಿನಲ್ಲಿ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ಎಲ್ಲರ ಕೈಯಲ್ಲಿದ್ದಂಥ ಲೋಟ ತಮ್ಮ ಕೈಯಲ್ಲಿಯೂ ಇತ್ತು ಎಂದು ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು.

ಪ್ರಿಯರೇ, ಕಾನಾ ಮದುವೆಯನ್ನು ಈಗ ಮತ್ತೆ ನೋಡೋಣ. ಅಲ್ಲಿ ಮೊದಲು ನಡೆದದ್ದೇನು? ಮಾತೆ ಮರಿಯಮ್ಮನವರು ಒಂದು ಕೊರತೆಯನ್ನು ಗಮನಿಸಿದರು. ಊಟ ಮಾಡುತ್ತಿದ್ದವರು ಗಮನಿಸಲಿಲ್ಲ, ಔತಣದ ಮೇಲ್ವಿಚಾರಕನೂ ಗಮನಿಸಲಿಲ್ಲ. ಆ ಮನೆಯವರಿಗೆ ಆಗಲಿದ್ದ ಅವಮಾನ ಆ ತಾಯಿಯ ಕಣ್ಣಿಗೆ ಮೊದಲು ಬಿತ್ತು. ಆಮೇಲೆ ಯೇಸುಸ್ವಾಮಿ ಮಾಡಿದ ರೀತಿಯನ್ನು ಗಮನಿಸಿ. ಎದ್ದು ನಿಂತು ಘೋಷಿಸಲಿಲ್ಲ. ಮದುಮಗನನ್ನು ಕರೆದು ‘ಇಷ್ಟೂ ಲೆಕ್ಕ ಇಲ್ಲವೇ’ ಎಂದು ಕೇಳಲಿಲ್ಲ. ನೀರು ತುಂಬಿದ ಸೇವಕರಿಗಷ್ಟೇ ವಿಷಯ ಗೊತ್ತು. ಮೇಲ್ವಿಚಾರಕ ಬಂದು ಮದುಮಗನನ್ನೇ ಹೊಗಳಿದ. ಯೇಸುಸ್ವಾಮಿ ಆ ಹೊಗಳಿಕೆಯನ್ನು ಮದುಮಗನಿಗೇ ಬಿಟ್ಟರು. ಎರಡು ಮೂರು ಪೀಪಾಯಿಯಷ್ಟು ಕೃಪೆ, ಒಂದು ಬಡ ಮನೆಯ ಮಾನ ಉಳಿಸಲು! ನಂದಿಯ ಆ ಹುಡುಗಿಗೆ ಕಾನಾ ಮದುವೆಯ ಕಥೆ ಗೊತ್ತಿತ್ತೋ ಇಲ್ಲವೋ. ಕೈ ಮುಚ್ಚಿದ ಲೋಟವನ್ನು ಅವಳು ಗಮನಿಸಿದಳು, ಯಾರನ್ನೂ ಬಯಲು ಮಾಡದೆ ಅದನ್ನು ತುಂಬಿದಳು.

ಆದ್ದರಿಂದ ‘ಕುಡಿಯುವುದು ಪಾಪವೇ’ ಎಂಬ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಾಗಿದೆ: ಕುಡಿಯಲಾಗದವನಿಗೆ, ಕುಡಿಯಬಾರದವನಿಗೆ ನಮ್ಮ ಮೇಜಿನಲ್ಲಿ ಲೋಟ ಇದೆಯೇ? ಸಂತ ಪೌಲರು ತಿಮೊಥೆಯನಿಗೆ, ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಸಲಹೆ ಕೊಟ್ಟವರು. ಅದೇ ಪೌಲರು ರೋಮಿನವರಿಗೆ ಬರೆಯುವಾಗ, ಅದರಿಂದ ಸಹೋದರ ಎಡವುವುದಾದರೆ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಡುವುದೇ ಒಳ್ಳೆಯದು ಎಂದು ತಿಳಿಸುತ್ತಾರೆ (ರೋಮ 14:21). ಪೌಲರ ಮಾತು ಬದಲಾಗಿಲ್ಲ. ಎದುರಿಗೆ ಕುಳಿತ ಮನುಷ್ಯ ಬದಲಾಗಿದ್ದಾನೆ. ತಿಮೊಥೆಯನಿಗೆ ಔಷಧವಾದದ್ದು ಇನ್ನೊಬ್ಬನಿಗೆ ಯೊವಾನ್ನರ ಪಾತ್ರೆಯ ಹಾವು. ಮದ್ಯದ ಚಟ ಒಂದು ಕಾಯಿಲೆ ಎಂದು ವೈದ್ಯರು ಹೇಳುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಸೇರಿ ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟಗಳಲ್ಲಿ ಮತ್ತೆ ಮತ್ತೆ ಹೇಳಿಕೊಡುವುದು ಮೊದಲ ಗುಟುಕಿನಿಂದ ದೂರವಿರಲು, ಹತ್ತನೆಯದರಿಂದಲ್ಲ. ‘ಒಂದು ಹನಿ ಕುಡಿದರೆ ಏನಾಗುತ್ತದೆ’ ಎಂದು ಕೇಳುವವರಿಗೆ ಅವರ ಉತ್ತರ ಅದು.

ಇದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಎಷ್ಟೋ ಮಂದಿ ಕೇಳಿರಲಿಕ್ಕಿಲ್ಲ. ಬಲಿಪೂಜೆಗೆ ಬಳಸುವ ದ್ರಾಕ್ಷಾರಸದ ಬಗ್ಗೆ ಧರ್ಮಸಭೆಯ ಕಾನೂನು ಬಹಳ ಬಿಗಿ. 1983ರ ಕಾನೂನು ಸಂಹಿತೆಯ 924ನೇ ವಿಧಿಯಂತೆ ಅದು ದ್ರಾಕ್ಷಿಹಣ್ಣಿನ ಸಹಜ ರಸದಿಂದಲೇ ಆಗಿರಬೇಕು, ಕೆಟ್ಟಿರಬಾರದು. ಹಾಗಾದರೆ ಮದ್ಯದ ಕಾಯಿಲೆಯಿಂದ ಬಳಲಿ ಹೊರಬಂದ ಒಬ್ಬ ಗುರು ಏನು ಮಾಡಬೇಕು? ಹೌದು, ಗುರುಗಳಿಗೂ ಆ ಕಾಯಿಲೆ ಬರುತ್ತದೆ. ಅಭಿಷೇಕ ತೈಲ ಯಕೃತ್ತಿಗೆ ಕವಚವಲ್ಲ. 2003ರ ಜುಲೈಯಲ್ಲಿ ವಿಶ್ವಾಸ ಸಿದ್ಧಾಂತ ಪೀಠವು ಧರ್ಮಾಧ್ಯಕ್ಷರ ಮಂಡಳಿಗಳ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಅಂಥ ಗುರುಗಳಿಗೆ ‘ಮುಸ್ತುಮ್’ ಬಳಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದು ಸ್ಪಷ್ಟಪಡಿಸಿತು. ಮುಸ್ತುಮ್ ಎಂದರೆ ಏನು? ತಾಜಾ ದ್ರಾಕ್ಷಿ ರಸ, ಅಥವಾ ಅದರ ಸ್ವಭಾವ ಕೆಡದಂತೆ ಹುದುಗುವಿಕೆಯನ್ನು ತಡೆದಿಟ್ಟ ರಸ. ನಮ್ಮ ಗೆಳೆಯರ ಲೋಟಕ್ಕೆ ಆ ಯುವತಿ ಸುರಿದದ್ದು ಅದನ್ನೇ! ಅದೇ ಬಳ್ಳಿ, ಅದೇ ಹಣ್ಣು. ಆ ಗುರುವಿನ ಕೈಯಲ್ಲಿ ಅದು ಪ್ರಭುವಿನ ರಕ್ತವಾಗುತ್ತದೆ, ಒಂದಿಷ್ಟೂ ಕಡಿಮೆಯಲ್ಲ. ದ್ರಾಕ್ಷಾರಸ ಮುಟ್ಟಲಾಗದ ವಿಶ್ವಾಸಿಗೆ ರೊಟ್ಟಿಯ ರೂಪದಲ್ಲಿಯೇ ಕ್ರಿಸ್ತರು ಪೂರ್ಣವಾಗಿ ಸಿಗುತ್ತಾರೆ. ಇಷ್ಟು ಪವಿತ್ರವಾದ ಮೇಜಿನಲ್ಲಿಯೇ ಧರ್ಮಸಭೆ ಒಬ್ಬ ದುರ್ಬಲನಿಗಾಗಿ ಲೋಟ ಬದಲಿಸುತ್ತದೆ. ನಮ್ಮ ಮದುವೆ ಹಾಲಿನ ಮೇಜಿನಲ್ಲಿ ಆಗುವುದಿಲ್ಲವೇ? ‘ಪದ್ಧತಿ ಫಾದರ್, ಟೋಸ್ಟಿಗೆ ವೈನೇ ಬೇಕು’ ಎನ್ನುವವರು ಬಲಿಪೀಠಕ್ಕಿಂತ ದೊಡ್ಡ ಪದ್ಧತಿಯನ್ನು ತೋರಿಸಿ ಕೊಡಲಿ.

ಉಳಿದ ಮಾತುಗಳನ್ನು ಬೇಗ ಮುಗಿಸುತ್ತೇವೆ. ಕುಡಿದು ವಾಹನ ಚಲಾಯಿಸಿ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವುದು ಗಂಭೀರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (2290) ಹೇಳುತ್ತದೆ. ನಮ್ಮ ಊರುಗಳ ನಡುವೆ ಹಾದು ಹೋಗುವ 66ನೇ ಹೆದ್ದಾರಿಯನ್ನು ನೆನೆದುಕೊಂಡು, ಹೊಸ ವರ್ಷದ ರಾತ್ರಿ ಬೈಕಿನ ಕೀಲಿಯನ್ನು ಮನೆಯ ಹೆಂಗಸರ ಕೈಗೆ ಕೊಡಿ. ಮನೆಯಲ್ಲಿ ಮಾಡಿದ ವೈನನ್ನು ಪರವಾನಗಿ ಇಲ್ಲದೆ ಮಾರುವುದು ಕಾನೂನಿಗೆ ವಿರುದ್ಧ; ‘ಚರ್ಚಿನ ವೈನ್’ ಎಂದು ಹೇಳಿ ಮಾರುವವರು ಅದನ್ನು ನಿಲ್ಲಿಸಬೇಕು. ಮದ್ಯವರ್ಜನ ಶಿಬಿರ ನಮ್ಮ ಸುತ್ತಮುತ್ತ ನಡೆದಾಗ, ಅದು ನಮ್ಮವರು ನಡೆಸುವುದಲ್ಲ ಎಂದು ದೂರ ನಿಲ್ಲಬೇಡಿ. ಶಿಬಿರದಿಂದ ಹಿಂತಿರುಗಿದವನನ್ನು ಮೊದಲು ನೋಡಲು ಹೋಗುವವರು ಅವನ ಹಳೆಯ ಕುಡಿತದ ಗೆಳೆಯರೇ ಆಗುತ್ತಾರೆ. ವಾರ್ಡಿನ ಗುರಿಕಾರರು ಅವರಿಗಿಂತ ಮೊದಲು ಹೋಗಬೇಕು.

ಸ್ತ್ರೀ ಸಂಘಟನೆಯವರು ಈ ವಾರ ಸೇರಿ ಎರಡು ದೊಡ್ಡ ಪಾತ್ರೆ ದ್ರಾಕ್ಷಿ ರಸ ತಯಾರಿಸಿದ್ದಾರೆ. ಹಣ್ಣನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ, ಹಿಸುಕಿ, ಸೋಸಿ, ಸಕ್ಕರೆ ಹಾಕಿ ಕುದಿಸಿದ್ದು. ಬೇಕಿದ್ದರೆ ಅವರಿಂದ ವಿಧಾನ ಕೇಳಿ ತಿಳಿದುಕೊಳ್ಳಿ. ಪುನರ್ಪುಳಿ ಶರಬತ್ತೂ ಇದೆ. ಇನ್ನು ಮುಂದೆ ನಮ್ಮ ಧರ್ಮಕೇಂದ್ರದ ಹಾಲಿನಲ್ಲಿ ನಡೆಯುವ ಎಲ್ಲಾ ಮದುವೆ, ನಾಮಕರಣ, ಬೆಳ್ಳಿಹಬ್ಬದ ಟೋಸ್ಟಿಗೆ ಎರಡೂ ಬಗೆಯ ಲೋಟ ಒಂದೇ ತಟ್ಟೆಯಲ್ಲಿ ಬರಬೇಕು, ಒಂದೇ ರೀತಿಯ ಗಾಜಿನಲ್ಲಿ ಬರಬೇಕು. ಯಾರು ಯಾವುದನ್ನು ತೆಗೆದುಕೊಂಡರು ಎಂದು ಯಾರೂ ಕೇಳಬಾರದು ಎಂದು ಪಾಲನಾ ಮಂಡಳಿ ಕಳೆದ ಭಾನುವಾರ ತೀರ್ಮಾನಿಸಿದೆ. ವಧೂವರರ ಮನೆಯವರು ಕೇಟರಿಂಗ್‌ನವರಿಗೆ ಮೊದಲೇ ತಿಳಿಸಿಬಿಡಿ.

ಈಗ ವಿಶ್ವಾಸ ಪ್ರಕಟಣೆಯ ನಂತರ ಆಶೀರ್ವಾದದ ವಿಧಿ ನಡೆಯುತ್ತದೆ. ರಸದ ಜಗ್ಗುಗಳು ಇನ್ನೂ ಸಕ್ರಿಸ್ತಿಯಲ್ಲಿಯೇ ಉಳಿದಿವೆ. ಯುವಜನರು ಅವನ್ನು ತಂದು ಬಾಟಲಿಗಳ ಪಕ್ಕದಲ್ಲಿಯೇ ಇಡಬೇಕು, ಹಿಂದೆ ಅಲ್ಲ. ಎರಡಕ್ಕೂ ಒಂದೇ ಪ್ರಾರ್ಥನೆ, ಒಂದೇ ತೀರ್ಥ. ಪೂಜೆಯ ನಂತರ ಎಲ್ಲರೂ ಹಾಲಿಗೆ ಬನ್ನಿ. ಕುಸ್ವಾರ್ ಉಳಿದವರು ತಂದಿದ್ದರೆ ಅಲ್ಲಿಯೇ ಮೇಜಿನ ಮೇಲಿಡಿ. ಲೋಟ ತೊಳೆಯಲು ಈ ಸಲ ಗಂಡಸರು ಉಳಿಯುತ್ತಾರೆ.